ಹಳೆಯ ಸಾಮಾನು ವಾಪಸು ಕೊಡಿ

ಉಪ್ಪಿನಕಾಯಿ, ಸೀರೆ, ಮಕ್ಕಳ ಪರೀಕ್ಷೆ, ಸೊಸೆಯಂದಿರ ಸ್ವಭಾವ ಇವುಗಳ ಮೇಲೆ ಹೆಂಗಸರು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಲಾರಿಯ ಮೇಲೆ ಬರೆಯುತ್ತೇನೆ ಎಂದರೆ ಮಾತ್ರ ನಮ್ಮ ಸ್ಟಾಫ್ ರೂಮಿನವರೇ ನಗುತ್ತಾರೆ. "ನಿಮಗ್ಯಾಕೆ ಮೇಡಂ ಆ ಡೀಸೆಲ್ ವಾಸನೆ?" ಎಂದು ಕೇಳುತ್ತಾರೆ. ಕೇಳುವವರಿಗೆ ಗೊತ್ತಿಲ್ಲ, ನಮ್ಮ ಯಲ್ಲಾಪುರದಂಥ ಹೆದ್ದಾರಿಯ ಮೇಲಿನ ಊರಿನಲ್ಲಿ ಎಷ್ಟೋ ಲಾರಿಗಳ ಟೈರುಗಳು ಹೆಂಗಸರ ಬಳೆಗಳೇ. ಅಡವಿಟ್ಟ ಬಳೆ ಟೈರಾಗುತ್ತದೆ, ಮಾಂಗಲ್ಯದ ಸರ ಇನ್ಶೂರೆನ್ಸ್ ಆಗುತ್ತದೆ. ಲಾರಿಯ ಹಣೆಯ ಮೇಲೆ ದೇವರ ಹೆಸರಿರುತ್ತದೆ, ಹಿಂದುಗಡೆ ಮಕ್ಕಳ ಹೆಸರಿರುತ್ತದೆ, ಬಳೆ ಕೊಟ್ಟವಳ ಹೆಸರು ಎಲ್ಲಿಯೂ ಇರುವುದಿಲ್ಲ.

ನನ್ನ ತಮ್ಮನ ಲಾರಿಯಲ್ಲಿ ನನ್ನ ಬಳೆ ಇಲ್ಲ, ಸಹಿ ಇದೆ. 2021ರಲ್ಲಿ ಅವನು ಸಾಲ ಮಾಡಿ ಹೊಸ ಲಾರಿ ಕೊಂಡಾಗ ಫೈನಾನ್ಸಿನವರು ಜಾಮೀನು ಕೇಳಿದರು. ನಮ್ಮ ವಂಶದಲ್ಲಿ ಸಂಬಳದ ಚೀಟಿ ಇದ್ದದ್ದು ನನ್ನೊಬ್ಬಳ ಬಳಿ. ಬಿ.ಎ., ಬಿ.ಇಡಿ. ಮಾಡಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಕ್ಬರನ ಆಡಳಿತವನ್ನೂ ಗ್ರಾಮ ಪಂಚಾಯತಿಯ ರಚನೆಯನ್ನೂ ಪಾಠ ಮಾಡಿದ್ದಕ್ಕೆ ಬಂದ ಚೀಟಿ ಅದು. ಅದನ್ನು ಕೊಟ್ಟೆ. ಅಂದಿನಿಂದ ತಮ್ಮನ ಲಾರಿ ಎಲ್ಲಿ ನಿಂತರೂ ಅದರ ಕಂತು ಬಂದು ನನ್ನ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ.

ತಮ್ಮನೇ ಲಾರಿಯ ಮಾಲೀಕ, ಅವನೇ ಡ್ರೈವರು. ಜೊತೆಗೊಬ್ಬ ಕ್ಲೀನರ್ ಹುಡುಗ. ಹುಬ್ಬಳ್ಳಿಯ ಮಾರುಕಟ್ಟೆಯಿಂದ ಈರುಳ್ಳಿಯೋ ಮೆಣಸಿನಕಾಯಿಯೋ ಹೇರಿಕೊಂಡು ಯಲ್ಲಾಪುರದ ಮೇಲೆ ಹಾದು, ಅರಬೈಲ್ ಘಟ್ಟ ಇಳಿದು, ಅಂಕೋಲೆಯಲ್ಲಿ ಕರಾವಳಿಯ ಹೆದ್ದಾರಿ ಹಿಡಿದು ಮಂಗಳೂರಿಗೆ ಹೋಗುತ್ತಾನೆ. ಬರುವಾಗ ಸಿಕ್ಕಿದ ಬಾಡಿಗೆ. ಈ ರಸ್ತೆಗೆ ಮೊದಲು 63 ಎಂಬ ನಂಬರಿತ್ತು, ಈಗ 52. ನಂಬರು ಬದಲಾದರೂ ಘಟ್ಟದ ತಿರುವು ಬದಲಾಗಲಿಲ್ಲ. 2010ರಲ್ಲಿ ಸರ್ಕಾರ ಅದಿರಿನ ರಫ್ತು ನಿಲ್ಲಿಸುವವರೆಗೆ ಬಳ್ಳಾರಿ ಕಡೆಯ ಅದಿರಿನ ಲಾರಿಗಳು ಬೇಲೇಕೇರಿ ಬಂದರಿಗೆ ಇದೇ ದಾರಿಯಲ್ಲಿ ಸಾಲುಗಟ್ಟಿ ಹೋಗುತ್ತಿದ್ದವು. ರಾತ್ರಿಯಿಡೀ ಗಡಗಡ. ಒಣಗಲು ಹಾಕಿದ ಬಿಳಿಯ ಸೀರೆ ಬೆಳಿಗ್ಗೆ ಕಾವಿಯಾಗಿರುತ್ತಿತ್ತು. ಆ ಕಾಲದಲ್ಲಿ ರಸ್ತೆಯ ಬದಿಯಲ್ಲಿ ಹುಟ್ಟಿಕೊಂಡ ಗ್ಯಾರೇಜುಗಳಲ್ಲಿ ಕೆಲವು ಮುಚ್ಚಿದವು, ಕೆಲವು ಉಳಿದವು. ಉಳಿದವರು ಕೆಲಸ ಕಲಿತವರು.

ಹಳೆಯ ಲಾರಿ ಕೆಟ್ಟರೆ ಅದಕ್ಕೊಂದು ಶಾಸ್ತ್ರವಿತ್ತು. ಚಕ್ರಕ್ಕೆ ಕಲ್ಲು ಕೊಡುವುದು, ಹಿಂದೆ ಸ್ವಲ್ಪ ದೂರದಲ್ಲಿ ಹಸಿರು ಸೊಪ್ಪಿನ ಟೊಂಗೆ ಮುರಿದು ರಸ್ತೆಯ ಮೇಲೆ ಇಡುವುದು, ಬರುವ ಬಸ್ಸಿಗೆ ಕೈ ಮಾಡಿ ಮೇಸ್ತ್ರಿಗೆ ಸುದ್ದಿ ಕಳಿಸುವುದು. ಮೇಸ್ತ್ರಿ ಪಾನಾ, ಜ್ಯಾಕು ಹೊತ್ತು ಬರುತ್ತಿದ್ದ. ಕಮಾನು ಪಟ್ಟಿ ಮುರಿದಿದೆಯೋ ಕ್ಲಚ್ ಪ್ಲೇಟು ಸುಟ್ಟಿದೆಯೋ ಮೂಸಿ, ತಟ್ಟಿ, ಕಿವಿಗೊಟ್ಟು ಹೇಳುತ್ತಿದ್ದ. ನಮ್ಮ ಅಜ್ಜಿ ಬಾಣಂತಿಯ ಹೊಟ್ಟೆ ಮುಟ್ಟಿ ಹೇಳುತ್ತಿದ್ದ ಹಾಗೆ.

ಹೊಸ ಲಾರಿಯ ಸಂಗತಿ ಬೇರೆ. 2020ರ ಏಪ್ರಿಲ್ ಒಂದರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳೆಲ್ಲ ಬಿ.ಎಸ್. 6 ಎಂಬ ಹೊಗೆಯ ನಿಯಮಕ್ಕೆ ಒಳಪಟ್ಟವು. ಒಳ್ಳೆಯದೇ. ಆ ಹೊಗೆ ಕುಡಿದು ಕೆಮ್ಮಿದವರು ನಾವೇ ತಾನೆ? ತಮ್ಮನ ಲಾರಿಗೆ ಡೀಸೆಲ್ ಟ್ಯಾಂಕಿನ ಜೊತೆ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕಿದೆ. ಅದಕ್ಕೆ ಯೂರಿಯಾ ದ್ರಾವಣ ಹಾಕಬೇಕು. ಗೊಬ್ಬರದ ಯೂರಿಯಾ ಕರಗಿಸಿ ಹಾಕಿದರೆ ಆಗದು. ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಲವಣವಿಲ್ಲದ ಶುದ್ಧ ನೀರು. ಇದನ್ನು ಬಿಸಿ ಹೊಗೆಯ ಮೇಲೆ ಸಿಂಪಡಿಸಿದರೆ ಹೊಗೆಯಲ್ಲಿರುವ ನೈಟ್ರೋಜನ್ನಿನ ಕೆಟ್ಟ ಅನಿಲಗಳು ಬರಿಯ ನೈಟ್ರೋಜನ್ನೂ ನೀರಿನ ಆವಿಯೂ ಆಗುತ್ತವೆ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಹೊಗೆಯ ಕೊಳವೆಯಲ್ಲೊಂದು ಸೆನ್ಸರ್ ಇರುತ್ತದೆ. ಅದು ಎಂಜಿನ್ನಿನ ಕಂಪ್ಯೂಟರಿಗೆ ವರದಿ ಕೊಡುತ್ತದೆ. ವರದಿ ಸರಿಬರದಿದ್ದರೆ ಡ್ರೈವರನ ಮುಂದೆ ದೀಪ ಉರಿಯುತ್ತದೆ. ಆಮೇಲೂ ಸರಿಯಾಗದಿದ್ದರೆ ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ. ಹೋಂವರ್ಕ್ ಮಾಡದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಈ ರೋಗವನ್ನು ಮೂಸಿ ಕಂಡುಹಿಡಿಯಲಾಗದು. ಲ್ಯಾಪ್‌ಟಾಪು ಬೇಕು, ಅದನ್ನು ಓದಬಲ್ಲವರು ಬೇಕು.

2022ರ ಆಗಸ್ಟ್ ತಿಂಗಳ ಒಂದು ಮಂಗಳವಾರ. ಸಂಜೆ ಆರೂವರೆಗೆ ಇಡಗುಂದಿ ದಾಟಿದ ಮೇಲೆ ತಮ್ಮನ ಲಾರಿ ಹೀಗೆಯೇ ಬೆಂಚಿನ ಮೇಲೆ ನಿಂತಿತು. ಹೇರಿದ್ದು ಈರುಳ್ಳಿ. ಮೇಲೆ ಮಳೆ. ಮುಂದೆ ಘಟ್ಟ. ಹಿಂದಿನ ವರ್ಷದ ಜುಲೈ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿದ್ದ ಘಟ್ಟ ಅದು. ಲಾರಿ ಕಂಪನಿಯವರು ಮಾರುವಾಗ "ಹೆದ್ದಾರಿಯಲ್ಲಿ ಎಲ್ಲೇ ನಿಲ್ಲಲಿ, ನಾಲ್ಕು ಗಂಟೆಯೊಳಗೆ ನಮ್ಮ ಮೆಕ್ಯಾನಿಕ್ ಬರುತ್ತಾನೆ" ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದರು. ತಮ್ಮ ಆರು ಐವತ್ತಕ್ಕೆ ಅವರ ನಂಬರಿಗೆ ಫೋನು ಮಾಡಿದ. ಒಂದು ಒತ್ತಿ, ಎರಡು ಒತ್ತಿ ಎಂಬ ಉಪಚಾರವೆಲ್ಲ ಮುಗಿದ ಮೇಲೆ ಹಿಂದಿಯಲ್ಲಿ ಒಬ್ಬಳು ಮಾತಾಡಿ ದೂರಿನ ನಂಬರು ಕೊಟ್ಟಳು. ಹನ್ನೊಂದಕ್ಕೆ ಮತ್ತೆ ಫೋನು ಮಾಡಿದರೆ "ಹೊರಟಿದ್ದಾರೆ" ಎಂಬ ಉತ್ತರ. ಒಂದು ಗಂಟೆಗೂ ಅದೇ ಉತ್ತರ.

ಆ ರಾತ್ರಿ ತಮ್ಮನ ಹೆಂಡತಿ ನನ್ನ ಮನೆಗೆ ಬಂದು ಕೂತಳು. "ಅತ್ತಿಗೆ, ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ?" ಎಂದು ಒಂದೇ ಮಾತನ್ನು ಮೂರು ಸಲ ಕೇಳಿದಳು. ಮಳೆಯಲ್ಲಿ, ಕತ್ತಲೆಯಲ್ಲಿ, ತಿರುವಿನ ಹತ್ತಿರ ನಿಂತ ಲಾರಿಯೊಳಗೆ ಮಲಗುವುದೆಂದರೆ ಏನೆಂದು ಲಾರಿಯವನ ಹೆಂಡತಿಗೆ ಗೊತ್ತಿರುತ್ತದೆ. ಕಂಪನಿಯವರ ಕಾಗದದಲ್ಲಿ ಅದು 'ವಿಳಂಬ'. ಅವಳಿಗೆ ಅದು ವಿಳಂಬವಲ್ಲ. ನಾನು ತಮ್ಮನಿಗೆ ಫೋನು ಮಾಡಿ, ಕ್ಯಾಬಿನ್ನಿನಲ್ಲಿ ಮಲಗಬೇಡಿ, ಇಬ್ಬರೂ ರಸ್ತೆ ಬಿಟ್ಟು ಪಕ್ಕದ ಅಂಗಡಿಯ ಜಗಲಿಗೆ ಹೋಗಿ ಎಂದೆ. "ಅಕ್ಕ, ತಾಡಪತ್ರಿ ಬಿಚ್ಚಿ ಈರುಳ್ಳಿ ತಗೊಂಡು ಹೋದರೆ?" ಎಂದ. ಹೋದರೆ ಹೋಗಲಿ ಎಂದೆ. ಇಂಡಿಕೇಟರ್ ಉರಿಸಿಟ್ಟು, ಸೊಪ್ಪು ಹಾಕಿ, ಹುಡುಗನನ್ನು ಜಗಲಿಗೆ ಕಳಿಸಿದ. ತಾನು ಮಾತ್ರ ಲಾರಿ ಬಿಡಲಿಲ್ಲ.

ಬೆಳಿಗ್ಗೆ ಶಾಲೆಗೆ ಅರ್ಧ ದಿನ ರಜೆ ಹಾಕಿ, ಡಬ್ಬಿಯಲ್ಲಿ ಅವಲಕ್ಕಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಆಟೋ ಮಾಡಿಕೊಂಡು ಹೋದೆ. ಕಂಪನಿಯ ವ್ಯಾನು ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಲೆಕ್ಕ ಹಾಕಿ, ಹದಿನೇಳು ಗಂಟೆ ನಲವತ್ತು ನಿಮಿಷ. ಇಳಿದವನು ಇಪ್ಪತ್ತೆರಡರ ಹುಡುಗ. ರೇನ್‌ಕೋಟಿಲ್ಲ. ಲ್ಯಾಪ್‌ಟಾಪನ್ನು ಅಂಗಿಯೊಳಗೆ ಮುಚ್ಚಿಕೊಂಡಿದ್ದ. ತಂತಿ ಚುಚ್ಚಿದ, ನೋಡಿದ, "ಸೆನ್ಸರ್ ಹೋಗಿದೆ" ಎಂದ. ಕೆಳಗೆ ಬಗ್ಗಿ ತಂತಿ ನೋಡಲಿಲ್ಲ, ಬೇರೇನೂ ಪರೀಕ್ಷಿಸಲಿಲ್ಲ. ವ್ಯಾನಿನಿಂದ ಹೊಸ ಸೆನ್ಸರ್ ತೆಗೆದು ಕೂರಿಸಿದ. ದೀಪ ಆರಿತು. ಬಿಲ್ಲು 18,900 ರೂಪಾಯಿ.

"ಲಾರಿಗೆ ಇನ್ನೂ ವಾರಂಟಿ ಇದೆಯಲ್ಲಪ್ಪ" ಎಂದೆ.

"ಅದು ಆಫೀಸಿನವರು ನೋಡ್ತಾರೆ ಮೇಡಂ. ಯೂರಿಯಾ ಕ್ವಾಲಿಟಿ ಸರಿ ಇಲ್ಲ ಅಂದ್ರೆ ವಾರಂಟಿ ಬರಲ್ಲ. ಈಗ ದುಡ್ಡು ಕಟ್ಟಿ, ಆಮೇಲೆ ಕ್ಲೇಮ್ ಮಾಡಿ."

ಕಟ್ಟದಿದ್ದರೆ ಈರುಳ್ಳಿ ಕೊಳೆಯುತ್ತದೆ. ಫೋನಿನಲ್ಲೇ ಹಣ ಕಳಿಸಿದೆ. ಕಳಿಸಿ, "ಜಾಬ್ ಕಾರ್ಡು ಬರೆದುಕೊಡು, ಹಳೆಯ ಸಾಮಾನು ವಾಪಸು ಕೊಡು" ಎಂದೆ.

ಇದು ಲಾರಿಯಿಂದ ಕಲಿತ ವಿದ್ಯೆಯಲ್ಲ, ದರ್ಜಿಯಿಂದ ಕಲಿತದ್ದು. ನಮ್ಮಮ್ಮ ರವಿಕೆ ಹೊಲಿಸಿದರೆ ಉಳಿದ ಗೇಣುದ್ದದ ತುಂಡನ್ನು ಕೇಳಿ ತರದೆ ಮನೆಗೆ ಬರುತ್ತಿರಲಿಲ್ಲ. ಆ ತುಂಡಿನಿಂದ ಚೀಲವಾಗುತ್ತಿತ್ತು, ತೇಪೆಯಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ದರ್ಜಿ ಎಷ್ಟು ಬಟ್ಟೆ ಉಳಿಸಿಕೊಂಡ ಎಂಬುದಕ್ಕೆ ಅದು ಸಾಕ್ಷಿಯಾಗುತ್ತಿತ್ತು. ಮಿಕ್ಸಿ ರಿಪೇರಿಯವನಿಂದ ಸುಟ್ಟ ಮೋಟಾರನ್ನೂ ನಲ್ಲಿಯವನಿಂದ ಸವೆದ ವಾಷರನ್ನೂ ಕೇಳಿ ಪಡೆಯುವುದು ನನಗೆ ಅಭ್ಯಾಸ.

ಹುಡುಗ ತಬ್ಬಿಬ್ಬಾದ. "ಹಳೇ ಪಾರ್ಟು ಕಂಪನಿಗೆ ಹೋಗ್ಬೇಕು ಮೇಡಂ" ಎಂದ.

"ವಾರಂಟಿಯಲ್ಲಿ ಹಾಕಿದ್ದರೆ ಕಂಪನಿಯದು. ನಾನು ದುಡ್ಡು ಕೊಟ್ಟಿದ್ದೇನೆ ಅಂದ ಮೇಲೆ ನನ್ನದು" ಎಂದೆ.

ಅವನು ಮೇಲಿನವರಿಗೆ ಫೋನು ಮಾಡಿದ. ಅವರಿಗೂ ಉತ್ತರ ಹೊಳೆಯಲಿಲ್ಲವೆಂದು ಕಾಣುತ್ತದೆ. ಹಳೆಯ ಸೆನ್ಸರನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಅದನ್ನು ತಮ್ಮನ ಕೈಗಿಟ್ಟು, ಸೀಟಿನ ಕೆಳಗೆ ಜೋಪಾನ ಎಂದೆ. ಹುಡುಗನಿಗೂ ಅವಲಕ್ಕಿ ಕೊಟ್ಟೆ. ತಿನ್ನುತ್ತಾ ಹೇಳಿದ, ಹಿಂದಿನ ರಾತ್ರಿ ಅವನು ಇನ್ನೊಂದು ಕಡೆ ನಿಂತ ಲಾರಿಯ ಕೆಳಗಿದ್ದನಂತೆ. ಇಷ್ಟು ದೊಡ್ಡ ಜಿಲ್ಲೆಗೆ ಇರುವುದು ಎರಡೇ ವ್ಯಾನು. ಐ.ಟಿ.ಐ. ಮುಗಿಸಿ ಸೇರಿದವನಿಗೆ ಹೊಸ ಎಂಜಿನ್ನಿನ ತರಬೇತಿ ಕೊಟ್ಟದ್ದು ಮೂರು ದಿನ. "ಕೋಡ್ ಏನು ಹೇಳುತ್ತೋ ಆ ಪಾರ್ಟ್ ಬದಲಿಸು ಅಂದಿದ್ದಾರೆ ಮೇಡಂ, ಅಷ್ಟೇ ಹೇಳಿಕೊಟ್ಟಿದ್ದು." ನನ್ನ ಶಾಲೆಯಿಂದಲೂ ಇಂಥ ಹುಡುಗರು ಪ್ರತಿವರ್ಷ ಐ.ಟಿ.ಐ.ಗೆ ಹೋಗುತ್ತಾರೆ. ಅವನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಯಬೇಕೆಂದುಕೊಂಡು ಹೋದವಳು ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಲಾರಿ ಮೂರಕ್ಕೆ ಹೊರಟಿತು. ಘಟ್ಟ ಇಳಿದು ಸುಂಕಸಾಳದ ಹತ್ತಿರ ಬರುವಷ್ಟರಲ್ಲಿ ಅದೇ ದೀಪ, ಅದೇ ಸೊರಗು. ಕಂಪನಿಯ ನಂಬರಿಗೆ ಫೋನು ಮಾಡಿದರೆ ಹೊಸ ದೂರಿನ ನಂಬರು, ಹೊಸ ನಾಲ್ಕು ಗಂಟೆ. ತಮ್ಮ ಕಾಯಲಿಲ್ಲ. ಎತ್ತಿನ ಗಾಡಿಯ ಹಾಗೆ ತೆವಳಿಸಿಕೊಂಡು ಅಂಕೋಲೆಯ ಬಾಳೇಗುಳಿ ಕ್ರಾಸಿನವರೆಗೆ ಹೋದ. ಅಲ್ಲಿ ಅದಿರಿನ ಕಾಲದಿಂದ ಗ್ಯಾರೇಜು ಇಟ್ಟುಕೊಂಡ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಅವರ ಅಣ್ಣನ ಮಗ ಅಂಗೈಯಗಲದ ಒಂದು ಸ್ಕ್ಯಾನರ್ ಕೊಂಡಿದ್ದಾನೆ. ಹುಡುಗ ಕೋಡು ಓದಿ ಹೇಳಿದ. ಮೇಸ್ತ್ರಿ ಅದನ್ನು ಕೇಳಿಸಿಕೊಂಡು ಬ್ಯಾಟರಿ ಹಿಡಿದು ಲಾರಿಯ ಕೆಳಗೆ ಹೋದರು. ಸೆನ್ಸರ್ ನೋಡಲಿಲ್ಲ, ಅದಕ್ಕೆ ಹೋಗುವ ತಂತಿಯನ್ನು ಬೆರಳಿನಲ್ಲಿ ಸವರುತ್ತಾ ಹೋದರು. ಒಂದು ಕಡೆ ತಂತಿಯ ಕಟ್ಟು ಕಬ್ಬಿಣಕ್ಕೆ ತಿಕ್ಕಿ ತಿಕ್ಕಿ ಸಿಪ್ಪೆ ಹೋಗಿ, ಒಳಗಿನ ತಾಮ್ರ ಮಳೆನೀರಿಗೆ ಹಸಿರುಗಟ್ಟಿತ್ತು.

ತಂತಿ ಕತ್ತರಿಸಿ ಜೋಡಿಸಿ, ಬೆಸುಗೆ ಹಾಕಿ, ಮೇಲೊಂದು ಪೈಪು ತೊಡಿಸಿದರು. "ಹಳೇ ಸೆನ್ಸರ್ ಇದ್ರೆ ಕೊಡು, ನೋಡುವ" ಎಂದರಂತೆ. ಸೀಟಿನ ಕೆಳಗಿದ್ದ ಪೊಟ್ಟಣ ಬಿಚ್ಚಿ ಹಳೆಯದನ್ನೇ ಕೂರಿಸಿದರೆ ದೀಪ ಆರಿಯೇ ಇತ್ತು. "ಇದಕ್ಕೆ ಏನೂ ಆಗಿರಲಿಲ್ಲ" ಎಂದರು. ಮಜೂರಿ ಆರುನೂರು ರೂಪಾಯಿ. ನಾನು ಫೋನಿನಲ್ಲಿ ಹೇಳಿದಂತೆ ತಮ್ಮ ಅದಕ್ಕೂ ಬಿಲ್ಲು ಬರೆಸಿಕೊಂಡ. ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಎರಡು ಸಾಲು ಬರೆದು ಮೇಸ್ತ್ರಿ ಸಹಿ ಹಾಕಿಕೊಟ್ಟರು.

ಈರುಳ್ಳಿ ಗುರುವಾರ ಮಂಗಳೂರು ಮುಟ್ಟಿತು. ಅಂಚಿನ ಚೀಲಗಳು ನೆನೆದಿದ್ದವು. ವ್ಯಾಪಾರಿ ಬಾಡಿಗೆಯಲ್ಲಿ ಎಂಟು ಸಾವಿರ ಹಿಡಿದುಕೊಂಡ.

ನಾನು ಕಂಪನಿಗೆ ಕಾಗದ ಬರೆದೆ. ಬೈಗುಳವಿಲ್ಲ, ಗೋಳಿಲ್ಲ. ಪರೀಕ್ಷೆಯ ಉತ್ತರದ ಹಾಗೆ ಒಂದು, ಎರಡು, ಮೂರು ಎಂದು. ಎಷ್ಟು ಗಂಟೆಗೆ ಫೋನು, ದೂರಿನ ನಂಬರೇನು, ಎಷ್ಟು ಗಂಟೆಗೆ ವ್ಯಾನು, ಬದಲಿಸಿದ್ದೇನು, ನಿಜವಾಗಿ ಕೆಟ್ಟದ್ದೇನು. ಬಿಲ್ಲುಗಳ ಪ್ರತಿ ಇಟ್ಟು ರಿಜಿಸ್ಟರ್ ಮಾಡಿದೆ. ಮೊದಲ ಉತ್ತರ ಬಂತು: ಯೂರಿಯಾ ಕಳಪೆಯಾಗಿರಬೇಕು, ತಪ್ಪು ಡ್ರೈವರನದು. ತಮ್ಮನ ಲಾರಿಯಲ್ಲಿ ನಾನು ಇಡಿಸಿದ ಇನ್ನೂರು ಪುಟದ ನೋಟ್‌ಬುಕ್ಕಿದೆ. ಡೀಸೆಲ್ಲಿನಿಂದ ಹಿಡಿದು ಪಂಚರಿನವರೆಗೆ ಎಲ್ಲ ರಸೀದಿ ಅದರಲ್ಲಿ ಅಂಟಿಸಿರುತ್ತದೆ. ಯೂರಿಯಾ ಕೊಂಡ ಪ್ರತಿಯೊಂದು ರಸೀದಿಯ ಪ್ರತಿ ಕಳಿಸಿದೆ. ಎಲ್ಲವೂ ಕಂಪನಿ ಹೇಳಿದ ದ್ರಾವಣವೇ.

ಎರಡನೆಯ ಉತ್ತರ ಇನ್ನೂ ಸೊಗಸು: ಲಾರಿ ವ್ಯಾಪಾರದ ವಾಹನ, ಆದ್ದರಿಂದ ನೀವು ಗ್ರಾಹಕರೇ ಅಲ್ಲ.

ಇಲ್ಲಿ ನಾನು ನಮ್ಮ ಓದುಗ ಸೋದರಿಯರಿಗೆ ಸ್ವಲ್ಪ ಪಾಠ ಮಾಡುತ್ತೇನೆ, ಬೇಸರಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಅದರಲ್ಲಿರುವುದು ನಿಜ. ಆದರೆ ಅದರ ಕೆಳಗೇ ವಿವರಣೆಯಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ತಾನೇ ಬಳಸಿದರೆ ಅದು ವ್ಯಾಪಾರದ ಉದ್ದೇಶವಲ್ಲ. ಹಳೆಯ ಕಾಯಿದೆಯಲ್ಲಿಯೂ ಈ ಮಾತಿತ್ತು. 1995ರಲ್ಲಿಯೇ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳುವಾಗ, ತಾನೇ ಓಡಿಸಿ ಬದುಕಲು ಲಾರಿ ಕೊಂಡವನು ಗ್ರಾಹಕನೇ ಎಂದು ಲಾರಿಯ ಉದಾಹರಣೆಯನ್ನೇ ಕೊಟ್ಟಿದೆ. ಹೊಲಿಗೆ ಯಂತ್ರ ಕೊಂಡು ತಾನೇ ಹೊಲಿಯುವವಳಿಗೂ ರುಬ್ಬುವ ಯಂತ್ರ ಕೊಂಡು ದೋಸೆ ಹಿಟ್ಟು ಮಾರುವವಳಿಗೂ ಇದೇ ವಿವರಣೆಯ ಆಸರೆ. ದೂರನ್ನು ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ವಸ್ತುವಿಗೋ ಸೇವೆಗೋ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ವಾದಿಸಬಹುದು. ಎರಡು ವರ್ಷದೊಳಗೆ ಕೊಡಬೇಕು. ಸಲಹೆಗೆ 1915 ಎಂಬ ಫೋನ್ ನಂಬರಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಆಪತ್ತಾದರೆ 1033. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ಇದನ್ನೆಲ್ಲ ಬರೆದು ಮೂರನೆಯ ಕಾಗದ ಹಾಕಿದೆ. ಹಾಕುವ ಮೊದಲು ಎರಡು ದಿನ ಅದು ಮೇಜಿನ ಮೇಲೆಯೇ ಇತ್ತು. ಜಾಬ್ ಕಾರ್ಡಿನಲ್ಲಿದ್ದದ್ದು ಆ ಹುಡುಗನ ಸಹಿ. ದೊಡ್ಡವರು ತಮ್ಮ ತಲೆಯ ಮೇಲಿನದನ್ನು ಚಿಕ್ಕವರ ತಲೆಗೆ ಸುರಿಯುವುದು ಎಷ್ಟು ಸುಲಭವೆಂದು ಸರ್ಕಾರಿ ನೌಕರಿ ಮಾಡಿದ ನನಗೆ ಗೊತ್ತು. ಹದಿನೆಂಟು ಸಾವಿರದ ಒಂಬೈನೂರು ರೂಪಾಯಿ ಅವನ ಸಂಬಳದಲ್ಲಿ ಕಡಿತವಾದರೆ? ತಮ್ಮನನ್ನು ಕೇಳಿದೆ. "ಬಿಟ್ಟುಬಿಡು ಅಕ್ಕ, ಅವನೂ ನನ್ನ ಹಾಗೇ ರಾತ್ರಿ ನೆನೆದವನು" ಎಂದ. ತಮ್ಮನ ಹೆಂಡತಿ ಒಪ್ಪಲಿಲ್ಲ. "ಈ ತಿಂಗಳ ಕಂತು ಯಾರು ಕಟ್ಟುತ್ತಾರೆ? ನಾಳೆ ಇನ್ನೊಬ್ಬಳ ಗಂಡ ಘಟ್ಟದಲ್ಲಿ ಹೀಗೇ ಕೂರಬೇಕೇ?" ಎಂದಳು. ಇಬ್ಬರದೂ ಸರಿಯೇ. ಕೊನೆಗೆ ಕಾಗದಕ್ಕೆ ಇನ್ನೊಂದು ಅಂಶ ಸೇರಿಸಿದೆ. ಬಂದ ಹುಡುಗ ಸಭ್ಯನಾಗಿ ನಡೆದುಕೊಂಡಿದ್ದಾನೆ, ಅವನ ಮೇಲೆ ನಮ್ಮ ದೂರಿಲ್ಲ, ಮೂರು ದಿನದ ತರಬೇತಿ ಕೊಟ್ಟು, ರೇನ್‌ಕೋಟು ಸಹ ಕೊಡದೆ ಎರಡು ವ್ಯಾನಿನಲ್ಲಿ ಜಿಲ್ಲೆ ಸುತ್ತಿಸಿದವರ ಮೇಲೆ ನಮ್ಮ ದೂರು, ಅವನಿಂದ ಹಣ ಹಿಡಿದರೆ ಅದನ್ನೂ ಆಯೋಗದ ಮುಂದೆ ಹೇಳುತ್ತೇವೆ ಎಂದು ಬರೆದೆ.

ಡಿಸೆಂಬರಿನಲ್ಲಿ 18,900 ರೂಪಾಯಿ ತಮ್ಮನ ಖಾತೆಗೆ ವಾಪಸು ಬಂತು. ಜೊತೆಯ ಕಾಗದದಲ್ಲಿ 'ಸೌಹಾರ್ದದ ದೃಷ್ಟಿಯಿಂದ' ಎಂದು ಬರೆದಿದ್ದರು. ತಪ್ಪಾಯಿತು ಎಂಬ ಪದ ಅವರ ಶಬ್ದಕೋಶದಲ್ಲಿಲ್ಲ. ಈರುಳ್ಳಿಯ ಎಂಟು ಸಾವಿರ ಬರಲಿಲ್ಲ. ಅದಕ್ಕಾಗಿ ಆಯೋಗಕ್ಕೆ ಹೋಗೋಣವೆಂದರೆ ತಮ್ಮ, ಕಾರವಾರಕ್ಕೆ ಓಡಾಡುವ ದಿನಗಳ ಬಾಡಿಗೆ ಲೆಕ್ಕ ಹಾಕಿ ಬೇಡವೆಂದ. ಹಗಲು ನಿಂತರೆ ಒಲೆ ನಿಲ್ಲುವವರ ನ್ಯಾಯ ಹೀಗೆ ಅರ್ಧಕ್ಕೇ ನಿಲ್ಲುತ್ತದೆ.

ಆ ಹುಡುಗನನ್ನು ತಮ್ಮ ಮರುವರ್ಷ ಹುಬ್ಬಳ್ಳಿಯ ಹತ್ತಿರ ರಸ್ತೆಯಲ್ಲಿ ಕಂಡನಂತೆ. ಅದೇ ಕೆಲಸದಲ್ಲಿದ್ದಾನೆ. ಇನ್ನೊಂದು ಲಾರಿಯ ಕೆಳಗೆ ಮಲಗಿ, ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ತಂತಿಯನ್ನು ಬೆರಳಿನಲ್ಲಿ ಸವರುತ್ತಿದ್ದನಂತೆ. ಯಾರು ಹೇಳಿಕೊಟ್ಟರೋ! ರೇನ್‌ಕೋಟು ಕೊಟ್ಟಿದ್ದಾರೆಯೇ ಎಂದು ಕೇಳಿದೆ. ಅವತ್ತು ಮಳೆ ಇರಲಿಲ್ಲ ಅಕ್ಕ, ಗೊತ್ತಾಗಲಿಲ್ಲ ಎಂದ.

ಈಗ ನಮ್ಮ ಓಣಿಯ ಇಬ್ಬರು ಲಾರಿಯವರ ಹೆಂಡಂದಿರು ಆ ಕಾಗದದ ನಕಲು ತೆಗೆದುಕೊಂಡು ಹೋಗಿದ್ದಾರೆ. "ಅಕ್ಕೋರೇ, ನಾವೂ ನೋಟ್‌ಬುಕ್ ಇಟ್ಟಿದ್ದೇವೆ" ಎಂದು ದಾರಿಯಲ್ಲಿ ಸಿಕ್ಕಾಗ ಹೇಳುತ್ತಾರೆ. ಅವರಲ್ಲೊಬ್ಬಳು ಮೊನ್ನೆ ಗ್ರೈಂಡರ್ ರಿಪೇರಿ ಮಾಡಿಸಿದಳು. ಸವೆದ ಬೆಲ್ಟನ್ನು ಕೇಳಿ ತಂದು ನನಗೆ ತೋರಿಸಲು ಬಂದಿದ್ದಳು.